ನಿನ್ನೆಯ ವಿರೋಧಿ ಇಂದು ಸಭೆಗೆ ಬಂದರೆ: ಬರಮಾಡಿಕೊಳ್ಳುವವರಿಗೆ ಕೆಲವು ಮಾತು

ನಮ್ಮ ಕ್ರೈಸ್ತ ಸಭೆಯಲ್ಲಿ ದೀಕ್ಷಾಸ್ನಾನಕ್ಕೆ ತಯಾರಾಗುವವರಿಗೆ ಪಾಠ ಹೇಳುವ ಕೆಲಸ ನನ್ನದು. ತರಗತಿಗೆ ಬರುವವರಲ್ಲಿ ಹೆಚ್ಚಿನವರು ಸದ್ದಿಲ್ಲದೆ ಬಂದವರು. ಅಜ್ಜಿಯ ಪ್ರಾರ್ಥನೆ ಕೇಳುತ್ತ ಬೆಳೆದವರು, ಗೆಳೆಯರ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತು ಕೂತು ಒಂದು ದಿನ ಹೆಸರು ಕೊಟ್ಟವರು. ಅಪರೂಪಕ್ಕೊಮ್ಮೆ ಮಾತ್ರ ಬೇರೆ ಥರದವರು ಬರುತ್ತಾರೆ. ಮೊನ್ನೆಮೊನ್ನೆಯವರೆಗೂ ನಮ್ಮ ನಂಬಿಕೆಯನ್ನು ಆಡಿಕೊಂಡು ನಗುತ್ತಿದ್ದವರು, ಹೆಂಡತಿ ಸಭೆಗೆ ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದವರು, ನಾಲ್ಕು ಜನರ ಮುಂದೆ ವಾದಕ್ಕೆಳೆದು ಮಾನ ಕಳೆಯುತ್ತಿದ್ದವರು. ಅಂಥವರಿಗೆ ಏನೋ ಆಗುತ್ತದೆ, ರಾತ್ರೋರಾತ್ರಿ ತಿರುಗಿ ನಿಲ್ಲುತ್ತಾರೆ.

ಆಗ ಸಭೆ ಎರಡು ಪಾಲಾಗುತ್ತದೆ. ಒಂದು ಪಾಲು ಮುಂದಿನ ಭಾನುವಾರವೇ ಅವರ ಕೈಗೆ ಮೈಕ್ ಕೊಡಲು ತುದಿಗಾಲಲ್ಲಿ ನಿಂತಿರುತ್ತದೆ. ಇನ್ನೊಂದು ಪಾಲು "ಎಲ್ಲ ನಾಟಕ" ಅಂದು ಮುಖ ತಿರುಗಿಸುತ್ತದೆ. ಇವರಿಬ್ಬರ ನಡುವೆ ಸಿಕ್ಕಿ ಬಂದವನು ಹೈರಾಣಾಗುತ್ತಾನೆ.

ಯಾರನ್ನಾದರೂ ಮನಸ್ಸು ತಿರುಗಿಸುವುದು ಹೇಗೆ ಎಂದು ಹೇಳಲು ನಾನು ಹೊರಟಿಲ್ಲ. ಅದಕ್ಕೊಂದು ವಿಧಾನ ನನಗೆ ಗೊತ್ತಿಲ್ಲ, ಗೊತ್ತಿದೆ ಅನ್ನುವವರನ್ನು ನಂಬುವುದೂ ಇಲ್ಲ. ಯೇಸುವಿನ ಶಿಷ್ಯರನ್ನು ಹಿಡಿದು ಕಟ್ಟಲು ಹೊರಟಿದ್ದ ಸೌಲನ ಸುತ್ತ ದಮಸ್ಕದ ದಾರಿಯಲ್ಲಿ ಬೆಳಕು ಮಿಂಚಿದಾಗ ಅಲ್ಲಿ ಒಬ್ಬ ಶಿಷ್ಯನೂ ಇರಲಿಲ್ಲ. ಇದ್ದವರೆಲ್ಲ ಅವನ ಕಡೆಯವರೇ. ಶಿಷ್ಯರಿಗೆ ಕೆಲಸ ಬಿದ್ದದ್ದು ಆಮೇಲೆ, ಊರೊಳಗೆ, ನೆಟ್ಟನೆ ಬೀದಿಯ ಒಂದು ಮನೆಯಲ್ಲಿ. ಆ ಬೆಳಕು ಅವನನ್ನು ನಿಲ್ಲಿಸಿತು. ಹಿಂಸಕ ಸೌಲ ಸಭೆಗಳಿಗೆ ಪತ್ರ ಬರೆಯುವ ಪೌಲನಾಗಲು ಹತ್ತಾರು ವರ್ಷ ಬೇಕಾಯಿತು, ಕೈಹಿಡಿದು ನಡೆಸಿದ ಕೆಲವು ಮನುಷ್ಯರೂ ಬೇಕಾದರು. ನಾನು ಹೇಳುವುದೆಲ್ಲ ಆ ಮನುಷ್ಯರು ಮಾಡಬೇಕಾದ ಕೆಲಸದ ಬಗ್ಗೆ.

ಮೊದಲು ಒಬ್ಬರೇ ಹೋಗಿ

ದಮಸ್ಕದ ಶಿಷ್ಯ ಅನನೀಯನಿಗೆ ಕರ್ತನು ಸೌಲನ ಹತ್ತಿರ ಹೋಗು ಅಂದಾಗ ಅವನು ತಕ್ಷಣ ಹೊರಡಲಿಲ್ಲ. ಈ ಮನುಷ್ಯ ಎಷ್ಟು ಕೇಡು ಮಾಡಿದ್ದಾನೆಂದು ಬಹಳ ಜನರಿಂದ ಕೇಳಿದ್ದೇನೆ, ಇಲ್ಲಿಯೂ ನಮ್ಮನ್ನು ಹಿಡಿದು ಕಟ್ಟಲು ಅಧಿಕಾರ ತಂದಿದ್ದಾನೆ ಎಂದು ಕರ್ತನಿಗೇ ನೆನಪು ಮಾಡಿಕೊಟ್ಟ. ಅವನ ಹೆದರಿಕೆಯಲ್ಲಿ ಅವಿಶ್ವಾಸವೇನೂ ಇರಲಿಲ್ಲ, ಅದು ಸರಿಯಾದ ಮಾಹಿತಿ. ಹೆದರಿಕೊಂಡೇ ಹೋದ. ಹೋಗಿ ಮಾಡಿದ್ದು ಇಷ್ಟೇ: ತಲೆಯ ಮೇಲೆ ಕೈಯಿಟ್ಟ, "ಸಹೋದರನಾದ ಸೌಲನೇ" ಅಂದ, ದೀಕ್ಷಾಸ್ನಾನವಾಯಿತು, ಮೂರು ದಿನದಿಂದ ಅನ್ನನೀರು ಮುಟ್ಟದಿದ್ದವನು ಊಟ ಮಾಡಿದ. ಎಲ್ಲವೂ ಒಂದು ಮನೆಯೊಳಗೆ, ಜನ ಸೇರಿಸದೆ.

ನೀವೂ ಹಾಗೇ ಮಾಡಿ. ಸುದ್ದಿ ಕಿವಿಗೆ ಬಿದ್ದ ವಾರದಲ್ಲೇ ಒಬ್ಬರು, ಹೆಚ್ಚೆಂದರೆ ಇಬ್ಬರು, ಹೋಗಿ ಬನ್ನಿ. ಗಂಡಸಿನ ಹತ್ತಿರ ಗಂಡಸು, ಹೆಂಗಸಿನ ಹತ್ತಿರ ಹೆಂಗಸು. ತಂಡ ಕಟ್ಟಿಕೊಂಡು ಹೋಗಬೇಡಿ, ಫೋಟೋ ತೆಗೆಯಬೇಡಿ. ಮೊದಲ ಭೇಟಿಯಲ್ಲಿ "ಹೇಗಾಯಿತು ಹೇಳಿ" ಎಂದು ಕೆದಕುವುದಕ್ಕಿಂತ ನಿದ್ದೆ ಬರುತ್ತಿದೆಯಾ, ಊಟ ಮಾಡುತ್ತಿದ್ದೀರಾ, ಮನೆಯಲ್ಲಿ ಯಾರಿಗೆ ಗೊತ್ತಿದೆ ಎಂದು ಕೇಳುವುದು ಮೇಲು. ಹಲವು ದಿನ ನಿದ್ದೆಯೇ ಇಲ್ಲದಿದ್ದರೆ, ಮಾತು ನಿಲ್ಲಿಸಲು ಆಗದಿದ್ದರೆ, ಯಾವುದೋ ದನಿ ಇದು ಮಾಡು ಅದು ಮಾಡು ಎಂದು ಅಪ್ಪಣೆ ಕೊಡುತ್ತಿದ್ದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿ. ಪ್ರಾರ್ಥನೆಗೂ ಔಷಧಿಗೂ ಜಗಳವಿಲ್ಲ. ನಿಜವಾದ ತಿರುವು ಒಂದು ತಿಂಗಳ ಔಷಧಿಯಿಂದ ಅಳಿಸಿಹೋಗುವುದಿಲ್ಲ.

ಆಮೇಲೆ ಒಬ್ಬ ಬಾರ್ನಬನನ್ನು ಹುಡುಕಬೇಕು. ಸೌಲ ಅರಬಸ್ಥಾನಕ್ಕೆ ಹೋಗಿ, ದಮಸ್ಕಕ್ಕೆ ಮರಳಿ, ಮೂರು ವರ್ಷವಾದ ಮೇಲೆ ಯೆರೂಸಲೇಮಿಗೆ ಬಂದ. ಆಗಲೂ ಶಿಷ್ಯರೆಲ್ಲ ಅವನಿಗೆ ಹೆದರಿ ದೂರ ನಿಂತರು. ಬಾರ್ನಬ ಅವನ ಕೈಹಿಡಿದು ಅಪೊಸ್ತಲರ ಹತ್ತಿರ ಕರೆದೊಯ್ದು, ದಾರಿಯಲ್ಲಿ ನಡೆದದ್ದನ್ನೂ ದಮಸ್ಕದಲ್ಲಿ ಅವನು ಧೈರ್ಯದಿಂದ ಮಾತಾಡಿದ್ದನ್ನೂ ತಾನೇ ವಿವರಿಸಿ ಹೇಳಿದ. ಅಂದರೆ ಮೊದಲೇ ಕೇಳಿ ತಿಳಿದುಕೊಂಡಿದ್ದ, ತನ್ನ ಹೆಸರನ್ನು ಪಣಕ್ಕಿಟ್ಟು ಜಾಮೀನು ನಿಂತ. ಇಂಥ ಕೆಲಸಕ್ಕೆ ಉತ್ಸಾಹಿ ಯುವಕರನ್ನು ಹಾಕಬೇಡಿ. ಸಭೆಯ ಜನ ಯಾರ ಮಾತಿಗೆ ಬೆಲೆ ಕೊಡುತ್ತಾರೋ, ಯಾರಿಗೆ ಇನ್ನೊಬ್ಬರ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸವಿದೆಯೋ ಅವರನ್ನು ಹಾಕಿ.

ನಿಜವೋ ನಾಟಕವೋ

ಕಣ್ಣೀರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೆಲವರು ಸುಲಭಕ್ಕೆ ಅಳುತ್ತಾರೆ, ಕೆಲವರಿಗೆ ಸತ್ತರೂ ಅಳು ಬರುವುದಿಲ್ಲ. ನಾನು ನೋಡುವುದು, ತನ್ನ ಹಳೆಯ ಗುಂಪಿನವರಿಗೆ ಅವನೇ ಬಾಯಿಬಿಟ್ಟು ಹೇಳಿದನೋ ಇಲ್ಲವೋ ಎನ್ನುವುದನ್ನು. ಹೇಳಿದಾಗ ಅವರನ್ನು ಬೈಯದೆ ಹೇಳಿದನೋ? ಹೆಚ್ಚಿನವರು ಇಲ್ಲೇ ಎಡವುತ್ತಾರೆ. ನಿನ್ನೆ ನಮ್ಮನ್ನು ಹಂಗಿಸಿದ ಅದೇ ದನಿಯಲ್ಲಿ ಇಂದು ಅವರನ್ನು ಹಂಗಿಸುತ್ತಿದ್ದರೆ ಪಕ್ಷ ಬದಲಾಗಿದೆ, ಮನುಷ್ಯ ಇನ್ನೂ ಬದಲಾಗಬೇಕಿದೆ. ಅಂಥವನನ್ನು ಓಡಿಸಬೇಡಿ, ಕಾಯಿರಿ.

ಮದುವೆ, ಸಾಲ, ಕೆಲಸ ಇಂಥ ಬೇರೆ ಕಾರಣಗಳಿವೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಬೇಜಾರಾಗುತ್ತಾರೆ ಅನ್ನುವ ಸಂಕೋಚ ಬೇಡ. ಇದರಿಂದ ಕೆಲಸ ಕಳೆದುಕೊಂಡಿದ್ದರೆ ಕಷ್ಟದಲ್ಲಿರುವ ಯಾರಿಗಾದರೂ ಮಾಡುವಷ್ಟು ಸಹಾಯ ಮಾಡಿ, ಆದರೆ ಅದಕ್ಕೂ ದೀಕ್ಷಾಸ್ನಾನಕ್ಕೂ ಸಂಬಂಧ ಇರಕೂಡದು. ನಿಮ್ಮ ದೇಶದ ಕಾನೂನು ಅರ್ಜಿ, ನೋಟಿಸು ಏನಾದರೂ ಕೇಳುವುದಾದರೆ ಅದನ್ನು ಬಚ್ಚಿಡದೆ ಮಾಡಿಸಿ. ವಯಸ್ಸಿಗೆ ಬಾರದವರಾದರೆ ಮನೆಯವರ ಒಪ್ಪಿಗೆಯಿಲ್ಲದೆ ಒಂದು ಹೆಜ್ಜೆಯೂ ಇಡಬೇಡಿ.

ನೋವುಂಡವರ ಹತ್ತಿರ ಯಾರಾದರೂ ಹೋಗಬೇಕು

ನನ್ನ ಅಣ್ಣ ಅಂಥ ವಿರೋಧಿಯಾಗಿದ್ದ. ಅವನಿಗೆ ಏನಾಯಿತು ಅನ್ನುವುದು ಅವನ ಕಥೆ; ಅವನು ಒಪ್ಪಿದಷ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಮೊದಲು ನಂಬಿದವಳು, ಹಾಗಾಗಿ ಅವನ ಬಾಯಿಗೆ ದಿನಾ ಸಿಗುತ್ತಿದ್ದವಳೂ ನಾನೇ. ನಾನಿಲ್ಲದ ಹೊತ್ತಿನಲ್ಲಿ ನನ್ನ ಸತ್ಯವೇದ, ಅಂದರೆ ಬೈಬಲ್, ತೆಗೆದು ಅಂಚುಗಳಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದ. ಮಾರ್ಕನ ಸುವಾರ್ತೆಯಲ್ಲಿ ಯೇಸು ಒಬ್ಬನಿಂದ ಬಿಡಿಸಿದ ದೆವ್ವಗಳು ಹೊಕ್ಕು ಸುಮಾರು 2000 ಹಂದಿಗಳು ಕೆರೆಗೆ ಬಿದ್ದು ಸತ್ತ ಕಡೆ: "ಹಂದಿ ಸಾಕಿದವನ ನಷ್ಟ ಯಾರು ತುಂಬಿಕೊಟ್ಟರು?" ಅಂಜೂರದ ಮರವನ್ನು ಶಪಿಸಿದ ಕಡೆ: "ಹಣ್ಣಿನ ಕಾಲವಲ್ಲ ಅಂತ ನಿಮ್ಮ ಪುಸ್ತಕವೇ ಹೇಳುತ್ತದೆ, ಮರದ ತಪ್ಪೇನು ತಂಗಿ?" ಆ "ತಂಗಿ" ಅನ್ನುವುದು ನನ್ನನ್ನು ಚುಚ್ಚಲಿಕ್ಕೆಂದೇ ಬರೆದದ್ದು. ಯಾವ ಪುಟ ತಿರುಗಿಸಿದರೂ ಅವನ ಅಕ್ಷರ. ಪ್ರಾರ್ಥನೆಗೆ ಕೂತರೆ ಅವನೇ ಎದುರು ಕೂತ ಹಾಗೆ.

ಅಣ್ಣ ನಂಬಿದ ಅಂತ ಸುದ್ದಿ ಬಂದಾಗ ಎಲ್ಲರೂ ನನ್ನನ್ನು ಅಪ್ಪಿಕೊಂಡರು, ನಿನ್ನ ಪ್ರಾರ್ಥನೆ ಫಲಿಸಿತು ಅಂದರು. ನನಗೆ ಬಂದದ್ದು ಸಿಟ್ಟು. ಅಷ್ಟು ವರ್ಷ ನಾನು ನುಂಗಿಕೊಂಡದ್ದಕ್ಕೆ ಯಾರೂ ಒಂದು ಮಾತು ಆಡಿರಲಿಲ್ಲ, ಇವನು ಬಂದ ವಾರಕ್ಕೇ ಇವನಿಗೆ ಹಬ್ಬ. ತಪ್ಪಿಹೋದ ಮಗನ ಸಾಮ್ಯದಲ್ಲಿ, ಮನೆ ಬಿಟ್ಟು ಹೋಗಿ ಮರಳಿದ ತಮ್ಮನಿಗೆ ತಂದೆ ಹಬ್ಬ ಮಾಡಿದಾಗ, ಹಿರಿಯ ಮಗ ಒಳಗೆ ಬರಲೊಲ್ಲದೆ ನಿಂತದ್ದು ಎಷ್ಟು ಸರಿ ಅನ್ನಿಸಿತ್ತು ಆಗ. ನಮ್ಮ ಸಭಾಪಾಲಕರ ಹೆಂಡತಿ ಮಾತ್ರ ಮನೆಗೆ ಬಂದರು. ಕ್ಷಮಿಸಿಬಿಡು ಅನ್ನಲಿಲ್ಲ. ಆ ಸತ್ಯವೇದ ತೋರಿಸು ಅಂದರು, ಪುಟ ಪುಟ ತಿರುಗಿಸಿ ಓದಿದರು, "ಇದನ್ನೆಲ್ಲ ನೀನು ಒಬ್ಬಳೇ ಓದಿಕೊಂಡಿದ್ದೆಯಾ?" ಎಂದು ಕೇಳಿದರು. ನನಗೆ ಬೇಕಿದ್ದದ್ದು ಅದೇ.

ಆ ಸಾಮ್ಯದಲ್ಲಿ ತಂದೆ ಹಿರಿಯ ಮಗನನ್ನು ಕರೆಯಲೂ ಹೊರಗೆ ಬರುತ್ತಾನೆ. ಸಭೆಯೂ ಬರಬೇಕು. ಬಂದವನ ಕಡೆ ಒಬ್ಬರನ್ನು ಕಳಿಸಿದರೆ, ಅವನಿಂದ ನೊಂದವರ ಕಡೆಗೂ ಒಬ್ಬರನ್ನು ಕಳಿಸಿ: ಹೆಂಡತಿ, ತಂಗಿ, ಕಚೇರಿಯಲ್ಲಿ ಅವನ ಕೈಕೆಳಗೆ ಇದ್ದು ಅವಮಾನ ಉಂಡವರು, ಯಾರೇ ಇರಲಿ. ಕ್ಷಮಿಸಲು ಗಡುವು ಕೊಡಬೇಡಿ. ಒಂದೇ ಸಾಲಿನಲ್ಲಿ ಕೂರಿಸಿ ಕೈಕುಲುಕಿಸಬೇಡಿ. ಹೊಡೆತ ಬಡಿತ ನಡೆದಿದ್ದರೆ, ಗಂಡ ಬದಲಾಗಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ಹೆಂಡತಿಯನ್ನು ಮರಳಿ ಆ ಮನೆಗೆ ಕಳಿಸಬೇಡಿ. ಅವಳಿಗೆ ಭದ್ರ ಅನ್ನಿಸುವವರೆಗೆ ಅವಳು ಹೇಳಿದ್ದೇ ನಡೆಯಲಿ.

ಬಂದವನು ಮಾಡಬೇಕಾದದ್ದೂ ಇದೆ. ಸುವಾರ್ತೆಯಲ್ಲಿ ಬರುವ ಸುಂಕದವನು ಜಕ್ಕಾಯ ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ. ನಿಮ್ಮವನ ಜೊತೆ ಕೂತು ಒಂದು ಪಟ್ಟಿ ಮಾಡಿಸಿ: ಯಾರ ಮಾನ ಕಳೆದೆ, ಎಲ್ಲಿ ಸುಳ್ಳು ಹೇಳಿದೆ, ಯಾರ ದುಡ್ಡು ಅಥವಾ ಅವಕಾಶ ಕಿತ್ತುಕೊಂಡೆ. ಅಂತರ್ಜಾಲದಲ್ಲಿ ಬರೆದ ಹಳೆಯ ನಿಂದನೆಗಳಲ್ಲಿ ಯಾರದಾದರೂ ಹೆಸರು, ಮುಖ ಇದ್ದರೆ ಅಳಿಸಬೇಕು, ಅಳಿಸಿದ್ದೇನೆ ಎಂದು ಅವರಿಗೆ ತಿಳಿಸಬೇಕು. ಬರೀ ವಾದದ ಬರಹಗಳನ್ನು ಅಳಿಸುವ ಅಗತ್ಯ ನನಗೆ ಕಾಣುವುದಿಲ್ಲ. ಒಂದು ಕಾಲಕ್ಕೆ ಅವನು ಹಾಗೆ ಯೋಚಿಸಿದ್ದು ನಿಜ, ಕೆಳಗೆ ಒಂದು ಸಾಲು ಸೇರಿಸಿದರೆ ಸಾಕು. ಅಣ್ಣ ನನಗೊಂದು ಹೊಸ ಸತ್ಯವೇದ ಕೊಂಡು ತಂದ, ಹಳೆಯದನ್ನು ಕೊಡು ಅಂದ. ಕೊಡಲಿಲ್ಲ. ಹೊಸದನ್ನೂ ಇಟ್ಟುಕೊಂಡೆ.

ಸಾಕ್ಷಿ ಹೇಳಿಸುವಾಗ

ನನ್ನ ಕೇಳಿದರೆ ಮೊದಲ ಒಂದು ವರ್ಷ ವೇದಿಕೆಯೇ ಬೇಡ. ಪೌಲನ ಹೆಸರಿನ ಪತ್ರದಲ್ಲಿ ಅವನ ಕಿರಿಯ ಜೊತೆಗಾರ ತಿಮೊಥೆಯನಿಗೆ ಕೊಟ್ಟ ಬುದ್ಧಿಮಾತೂ ಇದೇ ಜಾಡಿನದು: ಸಭೆಯ ಮೇಲ್ವಿಚಾರಕನು ಹೊಸಬನಾಗಿರಬಾರದು, ಇಲ್ಲದಿದ್ದರೆ ಉಬ್ಬಿಕೊಂಡು ಬಿದ್ದಾನು. ತಮಾಷೆಯೆಂದರೆ ಪೌಲ ತಾನು ದಮಸ್ಕದಲ್ಲಿ ಕೂಡಲೇ ಸಾರತೊಡಗಿದ್ದ. ಅದರಿಂದ ಊರಲ್ಲಿ ಎಷ್ಟು ಗದ್ದಲವಾಯಿತೆಂದರೆ ಕೊನೆಗೆ ಅವನನ್ನು ಬುಟ್ಟಿಯಲ್ಲಿ ಕೂರಿಸಿ ರಾತ್ರಿ ಹೊತ್ತು ಗೋಡೆಯಾಚೆ ಇಳಿಸಬೇಕಾಯಿತು.

ಬೇರೆಯವರ ಮುಂದೆ ನಿಲ್ಲಿಸುವ ಮೊದಲು ಬೇಕೋ ಬೇಡವೋ ಅವನನ್ನೇ ಕೇಳಿ. ನಾಲ್ಕನೆಯ ಶತಮಾನದ ರೋಮಿನಲ್ಲಿ ವಿಕ್ಟೋರಿನಸ್ ಎಂಬ ಹೆಸರಾಂತ ವಾಗ್ಮಿಯಿದ್ದ. ಹಳೆಯ ದೇವತೆಗಳ ಪರವಾಗಿ ವರ್ಷಗಟ್ಟಲೆ ಗುಡುಗಿದವನು. ಮುಪ್ಪಿನಲ್ಲಿ ನಂಬಿಕೆಗೆ ಬಂದಾಗ, ನಾಚಿಕೊಳ್ಳುವವರಿಗೆ ಮಾಡುವ ಹಾಗೆ ನಿಮಗೂ ಒಳಗೇ ಖಾಸಗಿಯಾಗಿ ಅರಿಕೆ ಮಾಡಿಸುತ್ತೇವೆ ಎಂದು ಹಿರಿಯರು ಹೇಳಿದರು. ಇಷ್ಟು ದಿನ ವಿದ್ಯೆಯನ್ನು ಎಲ್ಲರೆದುರು ಕಲಿಸಿದವನು ಇದನ್ನೇಕೆ ಮರೆಮಾಚಲಿ ಎಂದು ಅವನೇ ಎಲ್ಲರ ಮುಂದೆ ನಿಂತ. ಆ ಹಿರಿಯರು ಆಯ್ಕೆಯನ್ನು ಅವನಿಗೇ ಬಿಟ್ಟರಲ್ಲ, ಅದು ನನಗೆ ಇಷ್ಟ.

ಹೇಳುತ್ತೇನೆ ಎಂದರೆ ಮೊದಲು ಬರೆಸಿ. ಮಾದರಿಗೆ ಅಪೊಸ್ತಲರ ಕೃತ್ಯಗಳ 26ನೇ ಅಧ್ಯಾಯ ಓದಿಸಿ. ಅದೇ ಘಟನೆ 9ರಲ್ಲಿ, 22ರಲ್ಲಿ, 26ರಲ್ಲಿ ಹೀಗೆ ಮೂರು ಸಲ ಬರುತ್ತದೆ. ಪಾಠಕ್ಕೆ ನನಗೆ ಹೆಚ್ಚು ಒದಗುವುದು ರಾಜ ಅಗ್ರಿಪ್ಪನ ಎದುರು ಹೇಳಿದ ಈ ಮೂರನೆಯದು. 9ರಿಂದ 11ನೇ ವಚನದವರೆಗೆ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ನಾನು ಸೆರೆಗೆ ಹಾಕಿಸಿದೆ, ಅವರಿಗೆ ಮರಣದಂಡನೆಯಾಗುವಾಗ ನಾನು ಸಮ್ಮತಿ ಕೊಟ್ಟೆ, ನಾನು ಸಭಾಮಂದಿರಗಳಲ್ಲಿ ದಂಡಿಸಿದೆ, ದೂಷಣೆ ಮಾಡುವಂತೆ ಬಲವಂತ ಮಾಡಿದೆ, ಪರಊರುಗಳವರೆಗೂ ಅಟ್ಟಿಸಿಕೊಂಡು ಹೋದೆ. ಎಲ್ಲಕ್ಕೂ ಕರ್ತೃ "ನಾನು". ನನ್ನನ್ನು ಹೀಗೆ ಬೆಳೆಸಿದರು, ಗುರುಗಳು ಹಾಗೆ ಕಲಿಸಿದರು ಎಂಬ ನೆಪ ಎಲ್ಲಿಯೂ ಇಲ್ಲ. ಗಮಲಿಯೇಲನ ಶಿಷ್ಯನೆಂದು ಬೇರೆ ಕಡೆ ಹೇಳುತ್ತಾನೆ, ಅದೂ ಗೌರವದಿಂದಲೇ. ರಕ್ತದ ವರ್ಣನೆ ಇಲ್ಲ, ಸಾಹಸದ ಬಣ್ಣವಿಲ್ಲ. ಸತ್ತವರಲ್ಲಿ ಒಬ್ಬನ ಹೆಸರನ್ನು ಮಾತ್ರ 22ರಲ್ಲಿ ಬಾಯಿಬಿಟ್ಟು ಹೇಳುತ್ತಾನೆ: ಸ್ತೆಫನ. ಕಲ್ಲೆಸೆದವರ ಬಟ್ಟೆ ಕಾಯುತ್ತ ನಾನು ಪಕ್ಕದಲ್ಲಿ ನಿಂತಿದ್ದೆ ಎಂದು ಒಪ್ಪಿಕೊಳ್ಳಲು.

26ನೇ ಅಧ್ಯಾಯದ ಪ್ರಮಾಣವನ್ನೂ ಗಮನಿಸಿ. ಹಿಂದಿನ ಬದುಕಿಗೆ 8 ವಚನ, ದಾರಿಯ ಘಟನೆಗೆ 7, ಆಮೇಲೆ ಮಾಡಿದ್ದಕ್ಕೆ 5. ನಮ್ಮಲ್ಲಿ ಕೇಳಿಬರುವ ಸಾಕ್ಷಿಗಳಲ್ಲಿ ಮೂರನೆಯ ಭಾಗ ಒಂದು ವಾಕ್ಯಕ್ಕೆ ಇಳಿದಿರುತ್ತದೆ: "ಈಗ ಸಂತೋಷವಾಗಿದ್ದೇನೆ." ಆ ಭಾಗವನ್ನೇ ಬೆಳೆಸಲು ಹೇಳಿ. ಏನು ಬಿಟ್ಟೆ, ಯಾರ ಹತ್ತಿರ ಹೋದೆ, ಇನ್ನೂ ಯಾವುದು ಕಷ್ಟ? ಬರೆದ ಹಾಳೆಯಿಂದ ಭಯಂಕರ, ಕ್ರೂರ, ಅದ್ಭುತ ಮುಂತಾದ ವಿಶೇಷಣಗಳನ್ನು ಹೊಡೆದು ಹಾಕಿಸಿ. ಕಥೆಯಲ್ಲಿ ಬರುವ ಹೆಂಡತಿ ಮಕ್ಕಳು ಮೊದಲು ಅದನ್ನು ಓದಲಿ. ಬೇಡ ಅಂದದ್ದನ್ನು ತೆಗೆಯಿರಿ.

ಆ ಮೊದಲ ಪ್ರತಿಯನ್ನು ದಿನಾಂಕ ಹಾಕಿ ಜೋಪಾನವಾಗಿಡಿ. ಯಾಕೆಂದರೆ ಸಾಕ್ಷಿ ಬೆಳೆಯುತ್ತದೆ. ಮೊದಲ ಸಲ ಸಭೆಯ ಕರಪತ್ರ ಹರಿದವನು, ಚಪ್ಪಾಳೆ ಬಿದ್ದರೆ ನಾಲ್ಕನೆಯ ಸಲ ಸಭೆಗೇ ಬೆಂಕಿಯಿಡಲು ಹೊರಟವನಾಗಿರುತ್ತಾನೆ. ಬೇಕೆಂದೇ ಸುಳ್ಳು ಹೇಳುತ್ತಾರೆಂದಲ್ಲ. ಕೇಳುವವರು ಎಲ್ಲಿ ಉಸಿರು ಬಿಗಿಹಿಡಿಯುತ್ತಾರೋ ಅಲ್ಲಿಗೆ ನಾಲಗೆ ತಾನಾಗಿ ವಾಲುತ್ತದೆ. ವರ್ಷಕ್ಕೊಮ್ಮೆ ಬಾರ್ನಬನೂ ಅವನೂ ಕೂತು ಈಗ ಹೇಳುವುದನ್ನು ಆ ಹಾಳೆಯ ಜೊತೆ ಹೋಲಿಸಿ ನೋಡಲಿ. ವಿಡಿಯೋ ವಿಷಯದಲ್ಲಿ ನಾನು ಇನ್ನೂ ಬಿಗಿ. ಅದು ಒಮ್ಮೆ ಹರಿದಾಡಿದರೆ ವಾಪಸ್ ಬರುವುದಿಲ್ಲ, ಮನೆಯಲ್ಲಿ ಇನ್ನೂ ಒಪ್ಪದ ತಂದೆತಾಯಿ ಅದರ ಪೆಟ್ಟು ತಿನ್ನುತ್ತಾರೆ.

ಇನ್ನೊಂದು ಮಾತು, ಸಭೆಯಲ್ಲಿ ಕೂತು ಕೇಳುವ ಉಳಿದವರಿಗಾಗಿ. ಇಂಥ ಸಾಕ್ಷಿ ಕೇಳಿ, ನಮಗೆ ಹೇಳಿಕೊಳ್ಳಲು ಏನೂ ಇಲ್ಲವಲ್ಲ ಎಂದು ಕುಗ್ಗುವವರಿದ್ದಾರೆ. ತಿಮೊಥೆಯನ ನಂಬಿಕೆ ಅಜ್ಜಿ ಲೋವಿಯಿಂದ, ತಾಯಿ ಯೂನಿಕೆಯಿಂದ ಬಂದದ್ದು. ಅವನನ್ನು ಯಾರೂ ಎರಡನೆಯ ದರ್ಜೆಗೆ ಇಳಿಸಲಿಲ್ಲ. ವಿರೋಧಿಗಳಲ್ಲೂ ಸಿಡಿಲು ಬಡಿಯದೆ ಬಂದವರುಂಟು. ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ ವರ್ಷಗಳ ಕಾಲ ನಾಸ್ತಿಕನಾಗಿದ್ದವರು. 1931ರ ಸೆಪ್ಟೆಂಬರಿನಲ್ಲಿ ಅಣ್ಣನ ಮೋಟಾರ್ ಸೈಕಲ್ಲಿನ ಪಕ್ಕದ ಗಾಡಿಯಲ್ಲಿ ಕೂತು ಮೃಗಾಲಯಕ್ಕೆ ಹೊರಟರು. ಹೊರಟಾಗ ಕ್ರಿಸ್ತನನ್ನು ದೇವರ ಮಗನೆಂದು ನಂಬಿರಲಿಲ್ಲ, ತಲುಪಿದಾಗ ನಂಬಿದ್ದರು. ದಾರಿಯಲ್ಲಿ ವಿಶೇಷವಾಗಿ ಏನೂ ನಡೆಯಲಿಲ್ಲ.

ಹಳೆಯ ಪ್ರಶ್ನೆಗಳನ್ನು ಒಲೆಗೆ ಹಾಕಬೇಡಿ

ವಾದ ಮಾಡಿ ಪಳಗಿದವನು ತಲೆಯನ್ನು ಹೊರಗೆ ಬಿಟ್ಟು ಬರಲಾರ. ಮೊದಲ ತಿಂಗಳುಗಳ ಬಿಸಿ ಇಳಿಯುತ್ತಲೇ ಅವನ ಹಳೆಯ ಪ್ರಶ್ನೆಗಳು ಒಂದೊಂದಾಗಿ ಮರಳುತ್ತವೆ. "ಸೈತಾನನ ಕಾಟ" ಎಂದು ಬಾಯಿ ಮುಚ್ಚಿಸಿದರೆ ಅವನು ನಿಮ್ಮ ಮುಂದೆ ಕೇಳುವುದನ್ನು ನಿಲ್ಲಿಸುತ್ತಾನೆ, ಒಳಗೆ ಕೇಳುತ್ತಲೇ ಇರುತ್ತಾನೆ. ಒಂದು ನೋಟ್‌ಬುಕ್ ಕೊಟ್ಟು ಬರೆದಿಡಲು ಹೇಳಿ. ಮಾರ್ಕನ ಸುವಾರ್ತೆಯನ್ನು ಮೊದಲಿಂದ ಕೊನೆಯವರೆಗೆ ಒಟ್ಟಿಗೆ ಓದಿ. ಅದು ಚಿಕ್ಕದು, ಅವಸರದ್ದು, ಶಿಷ್ಯರ ಪೆದ್ದುತನವನ್ನು ಮುಚ್ಚಿಡುವುದಿಲ್ಲ. ಸಂಶಯಪಡುವವರಿಗೆ ಅದೇ ಹಿಡಿಸುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ.

ನಾನು ಈಗಲೂ ಪಾಠ ಮಾಡುವುದು ಆ ಕೆಂಪು ಅಂಚುಗಳ ಸತ್ಯವೇದದಿಂದಲೇ. ಹಂದಿ ಸಾಕಿದವನ ನಷ್ಟದ ಪ್ರಶ್ನೆಯನ್ನು ತರಗತಿಯಲ್ಲಿ ಓದಿ ಹೇಳುತ್ತೇನೆ. ಆಗ ತೂಕಡಿಸುವವರೂ ಎಚ್ಚರಾಗುತ್ತಾರೆ. ಒಮ್ಮೆ ಅಣ್ಣನನ್ನೇ ಕರೆದು ಅವನ ಬರಹಕ್ಕೆ ಅವನಿಂದಲೇ ಉತ್ತರ ಕೇಳಿದೆ. ಕನ್ನಡಕ ಹಾಕಿ ಓದಿಕೊಂಡು, "ಪ್ರಶ್ನೆ ಚೆನ್ನಾಗಿದೆ. ಕೇಳಿದವನ ಉದ್ದೇಶ ಚೆನ್ನಾಗಿರಲಿಲ್ಲ" ಅಂದ. ಊರಿನವರು ಆ ನಷ್ಟಕ್ಕಾಗಿಯೇ ಯೇಸುವನ್ನು ಹೊರಟುಹೋಗೆಂದು ಬೇಡಿಕೊಂಡರಲ್ಲ, ಒಬ್ಬ ಮನುಷ್ಯ ಸ್ವಸ್ಥನಾದದ್ದಕ್ಕೆ ಬೆಲೆ ತೆತ್ತವರಿಗೆ ಸಿಟ್ಟು ಬರುವುದು ಸಹಜ ಎಂದು ಚರ್ಚೆ ಹೊರಳಿತು. ಅವನು ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ.

ಎಲ್ಲ ಒಮ್ಮೆಗೇ ಬದಲಾಗುವುದಿಲ್ಲ

ಇದನ್ನು ಸಭೆಗೂ ಹೇಳಿ, ಬಂದವನಿಗೂ ಹೇಳಿ. ಜಾನ್ ನ್ಯೂಟನ್ ದೇವದೂಷಣೆಗೆ ಕುಖ್ಯಾತನಾಗಿದ್ದ ನಾವಿಕ. ಇನ್ನೊಬ್ಬರ ನಂಬಿಕೆ ಕೆಡಿಸುವುದು ಅವನಿಗೆ ಖುಷಿಯ ಕೆಲಸ. 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಬಿರುಗಾಳಿಯಲ್ಲಿ ಹಡಗು ಮುಳುಗುವ ಹಂತಕ್ಕೆ ಬಂದಾಗ ದೇವರಿಗೆ ಮೊರೆಯಿಟ್ಟ. ಆ ದಿನವನ್ನು ಜೀವಮಾನವಿಡೀ ಆಚರಿಸಿದ. ಆದರೆ ಆ ಬಿರುಗಾಳಿಯ ನಂತರವೂ ಗುಲಾಮರನ್ನು ಸಾಗಿಸುವ ಹಡಗುಗಳಿಗೆ ನಾಯಕನಾಗಿ ದುಡಿದ. 1754ರಲ್ಲಿ ಸಮುದ್ರ ಬಿಟ್ಟದ್ದು ಆರೋಗ್ಯ ಕೆಟ್ಟದ್ದಕ್ಕೆ. 1764ರಲ್ಲಿ ಬೋಧಕನಾದ, ಹೆಸರಾಂತ ಕೀರ್ತನೆಗಳನ್ನು ಬರೆದ. ಗುಲಾಮ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದು, ತಾನೂ ಅದರಲ್ಲಿ ಪಾಲುದಾರನಾಗಿದ್ದೆ ಎಂದು ಒಪ್ಪಿಕೊಂಡದ್ದು 1788ರಲ್ಲಿ. ಬಿರುಗಾಳಿಯಿಂದ 40 ವರ್ಷ. ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ 1807ರ ಕೊನೆಯಲ್ಲಿ ತೀರಿಕೊಂಡ.

ನನ್ನ ತರಗತಿಯಲ್ಲಿ ಈ ಕಥೆ ಕೇಳಿ ಕೆಲವರಿಗೆ ನಿರಾಸೆಯಾಗುತ್ತದೆ, ಆಗಲಿ. ದೂಷಣೆಯ ನಾಲಗೆ ಬೇಗ ತಿದ್ದಿಕೊಂಡಿತು. ಹೊಟ್ಟೆಪಾಡಿನ ದಂಧೆ, ಸುತ್ತಲಿನ ಸಮಾಜ ಮಾನ್ಯ ಮಾಡಿದ ಕ್ರೌರ್ಯ, ಇವು ಅವನ ಕಣ್ಣಿಗೆ ಬೀಳಲು ಅರ್ಧ ಆಯುಸ್ಸು ಹಿಡಿಯಿತು. ಆದ್ದರಿಂದ ಬಂದವನನ್ನು ಕುಡಿತ ಬಿಟ್ಟನೇ, ಬೈಗುಳ ಬಿಟ್ಟನೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ದುಡ್ಡು ಹೇಗೆ ಬರುತ್ತಿದೆ, ಕೆಲಸದವರನ್ನು ಹೇಗೆ ನಡೆಸಿಕೊಳ್ಳುತ್ತೀ ಎಂದೂ ಕೇಳಿ. ಕೇಳುವ ಮೊದಲು ನಮ್ಮ ಉತ್ತರ ಸಿದ್ಧವಿದ್ದರೆ ಒಳ್ಳೆಯದು.

ಅವನದ್ದನ್ನು ಅವನಿಂದ ಕಿತ್ತುಕೊಳ್ಳಬೇಡಿ

ದಾರಿಯಲ್ಲೇ ಸೌಲ ಪೌಲನಾದ ಎಂದು ಬಹಳ ಜನ ತಿಳಿದಿದ್ದಾರೆ. ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯದವರೆಗೂ ಅವನನ್ನು ಸೌಲ ಎಂದೇ ಕರೆಯುತ್ತದೆ. ಹೆಸರು ಬದಲಿಸು, ಉಡುಪು ಬದಲಿಸು, ಮಾತಿನ ಧಾಟಿ ಬದಲಿಸು ಎಂದು ಬೆನ್ನು ಹತ್ತಬೇಡಿ. ಪಂಜಾಬಿನ ಸಿಖ್ ಮನೆಯಲ್ಲಿ ಹುಟ್ಟಿದ ಸಾಧು ಸುಂದರ್ ಸಿಂಗ್ 1904ರಲ್ಲಿ ಸುವಾರ್ತೆಯ ಪ್ರತಿ ಸುಟ್ಟ ಹುಡುಗ. ಅದೇ ಡಿಸೆಂಬರಿನಲ್ಲಿ ಕಂಡ ದರ್ಶನ ಅವರನ್ನು ತಿರುಗಿಸಿತು. 1905ರಲ್ಲಿ, 16 ತುಂಬಿದ ದಿನವೇ, ಶಿಮ್ಲಾದಲ್ಲಿ ದೀಕ್ಷಾಸ್ನಾನವಾಯಿತು. ಸ್ವಲ್ಪ ದಿನಕ್ಕೇ ಕಾವಿ ಉಟ್ಟು ಬರಿಗಾಲಲ್ಲಿ ಹೊರಟರು, ಹುಟ್ಟುಹೆಸರನ್ನು ಬಿಡಲಿಲ್ಲ. ಯಾರಾದರೂ ಅವರಿಗೆ ಕೋಟು ತೊಡಿಸಿ ಕೂರಿಸಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಹಳೆಯ ಗೆಳೆಯರ ಬಳಗವನ್ನೂ ಕಡಿಯಬೇಕಾಗಿಲ್ಲ, ಅದು ಅವನನ್ನು ಹಳೆಯ ಚಟಕ್ಕೆ ಎಳೆಯುವಂಥದ್ದಲ್ಲದಿದ್ದರೆ. ಪೌಲ ರೋಮಿನವರಿಗೆ ಬರೆಯುವಾಗ, ತನ್ನ ಜನರಿಗಾಗಿ ತನಗೆ ತೀರದ ಸಂಕಟವಿದೆ, ಅವರಿಗಾಗಿ ತಾನೇ ಶಾಪಗ್ರಸ್ತನಾದರೂ ಆದೇನು ಎನ್ನುತ್ತಾನೆ. ಬಿಟ್ಟುಬಂದವರ ಮೇಲೆ ಕತ್ತಿಯಾಗಿ ಬಳಸಲು ಸಭೆ ಇಂಥವನನ್ನು ಸಾಕಬಾರದು. ಕೆಲಸ ಬಿಡುವುದಿದ್ದರೂ ಅಬ್ಬರ ಬೇಡ. ಮುಂದೆ ಸಭೆಯ ದೊಡ್ಡ ಬೋಧಕನೆನಿಸಿದ ಅಗಸ್ಟೀನ್ 386ರಲ್ಲಿ ಮಿಲಾನಿನ ತೋಟದಲ್ಲಿ ತಿರುಗಿದ ಮೇಲೆ ವಾಗ್ಮಿತೆಯ ಅಧ್ಯಾಪಕತನ ಬಿಡಲು ನಿರ್ಧರಿಸಿದರೂ, ದ್ರಾಕ್ಷಿ ಕೊಯ್ಲಿನ ರಜೆಗೆ ಇನ್ನೇನು ಸುಮಾರು 20 ದಿನ ಇದೆ ಎಂದು ಸುಮ್ಮನೆ ಪಾಠ ಮುಗಿಸಿದ. ಮುಂದಿನ ವರ್ಷದ ಪುನರುತ್ಥಾನದ ಹಬ್ಬದವರೆಗೆ ಕಾದು ಅಲ್ಲಿನ ಬಿಷಪ್ ಆಂಬ್ರೋಸನಿಂದ ದೀಕ್ಷಾಸ್ನಾನ ತೆಗೆದುಕೊಂಡ.

ಬಿಸಿ ಆರಿದ ಮೇಲೆ

ಯೆರೂಸಲೇಮಿನಲ್ಲೂ ಕೊಲೆಯ ಸಂಚು ನಡೆದಾಗ ಸೌಲನನ್ನು ಹುಟ್ಟೂರು ತಾರ್ಸಕ್ಕೆ ಕಳಿಸಿಬಿಟ್ಟರು. ಅಲ್ಲಿಂದ ಮುಂದೆ ಕೃತ್ಯಗಳ ಪುಸ್ತಕ ಅವನನ್ನು ಬಿಟ್ಟು ಪೇತ್ರನ ಕಡೆ ಹೋಗುತ್ತದೆ. ಅಂತಿಯೋಕ್ಯದಲ್ಲಿ ಕೆಲಸ ಹೆಚ್ಚಿದಾಗ ಬಾರ್ನಬನೇ ತಾರ್ಸಕ್ಕೆ ಹೋಗಿ, ಹುಡುಕಿ, ಕರೆತಂದ. ಇಬ್ಬರೂ ಒಂದು ವರ್ಷ ಪೂರ್ತಿ ಅಲ್ಲಿ ಕೂತು ಜನರಿಗೆ ಕಲಿಸಿದರು. ನಿಮ್ಮ ಸಭೆಯಲ್ಲೂ ಎರಡನೆಯ ವರ್ಷದ ಹೊತ್ತಿಗೆ ಆ ಮನುಷ್ಯ ಕಾಣೆಯಾಗಿರುತ್ತಾನೆ, ಯಾರಿಗೂ ಹೊಳೆದಿರುವುದಿಲ್ಲ. ಹೊಸ ಸಾಕ್ಷಿ ಬಂದಿರುತ್ತದಲ್ಲ. ಫೋನ್ ಮಾಡುವ ಸರದಿಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಬರೀ ಸಪ್ಪೆ ಅನ್ನಿಸುತ್ತದೆ, ಪ್ರಾರ್ಥನೆ ಗೋಡೆಗೆ ಹೊಡೆದು ವಾಪಸ್ ಬರುತ್ತದೆ ಅಂದರೆ ಗಾಬರಿಯಾಗಬೇಡಿ. ಮೊದಲ ದಿನಗಳ ಅನುಭವವನ್ನು ಮತ್ತೆ ಹುಟ್ಟಿಸಲು ಕೂಟದಿಂದ ಕೂಟಕ್ಕೆ ಓಡಿಸಬೇಡಿ. ಕೆಲಸ ಕೊಡಿ. ಕುರ್ಚಿ ಜೋಡಿಸುವುದು, ಆಸ್ಪತ್ರೆಯಲ್ಲಿರುವವರಿಗೆ ಬುತ್ತಿ ಒಯ್ಯುವುದು, ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು. ಹಣದ ಪೆಟ್ಟಿಗೆ ಮಾತ್ರ ಬೇಡ; ಅವನ ಒಳಿತಿಗೇ.

ಅವನು ನಿಮ್ಮನ್ನು ಮೀರಿ ಬೆಳೆದರೆ ಅದಕ್ಕೂ ಸಿದ್ಧರಿರಿ. "ಬಾರ್ನಬನೂ ಸೌಲನೂ" ಎಂದು ಹೊರಟ ಜೋಡಿ 13ನೇ ಅಧ್ಯಾಯ ಮುಗಿಯುವಷ್ಟರಲ್ಲಿ "ಪೌಲನೂ ಬಾರ್ನಬನೂ" ಆಗಿದೆ. ಎರಡು ಅಧ್ಯಾಯ ಕಳೆದರೆ ಮಾರ್ಕನನ್ನು ಜೊತೆಗೆ ಕರೆದೊಯ್ಯಬೇಕೋ ಬೇಡವೋ ಎಂದು ಇಬ್ಬರಿಗೂ ಜೋರು ಜಗಳವಾಗಿ ದಾರಿ ಬೇರೆಯಾಗುತ್ತದೆ. ಹಳೆಯ ವಿರೋಧಿಗೆ ವಿರೋಧಿಸುವ ಶಕ್ತಿ ಉಳಿದೇ ಇರುತ್ತದೆ, ಒಂದಲ್ಲ ಒಂದು ದಿನ ಅದು ನಿಮ್ಮ ಕಡೆಗೂ ತಿರುಗುತ್ತದೆ. ನಿನ್ನನ್ನು ಬೆಳೆಸಿದ್ದು ನಾವು ಎಂದು ಆಗ ಎತ್ತಿ ಆಡಬೇಡಿ. ಬೇರೆ ಸಭೆಗೆ ಹೋಗುತ್ತೇನೆ ಅಂದರೆ ಒಳ್ಳೆಯ ಮಾತಿನ ಪತ್ರ ಬರೆದುಕೊಡಿ. ನಿಮ್ಮ ಕಪಾಟಿನಲ್ಲಿರುವ ಅವನ ಸಾಕ್ಷಿಯ ಹಾಳೆ, ಎಲ್ಲಾದರೂ ಹಾಕಿರುವ ಫೋಟೋ, ವಿಡಿಯೋ ಅವನವು. ವಾಪಸ್ ಕೇಳಿದರೆ ಕಾರಣ ಕೇಳದೆ ಕೊಟ್ಟುಬಿಡಿ, ಪ್ರತಿ ಇಟ್ಟುಕೊಳ್ಳಬೇಡಿ.